ದಾಸೋಹ ಪಂಕ್ತಿಯಲ್ಲಿ ಪ್ರಸಾದಾರ್ಪಣೆ

(ಶ್ರೀಮಠದ ಮಹೋತ್ಸವದ ಅನುಭಾವಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಈ ಮಹೋತ್ಸವದ ಗೋಷ್ಠಿಗಳಲ್ಲಿ ಶ್ರೀಮಠದ ಗುರುಪರಂಪರೆಯನ್ನು ಕುರಿತೂ, ವಿದ್ಯಾದಾಸೋಹವನ್ನು ಕುರಿತೂ, ಗ್ರಂಥಪ್ರಕಾಶನವನ್ನು ಕುರಿತೂ ವಿದ್ವಾಂಸರು ವಿಸ್ತಾರವಾಗಿ ಮಾತನಾಡಿದ್ದಾರೆ. ನನ್ನ ಪಾಲಿಗೆ ಬಂದಿರುವುದು, ದಾಸೋಹ ಪಂಕ್ತಿಯಲ್ಲಿ ಪ್ರಸಾದಕ್ಕೆ ಮುಂಚೆ ಹೇಳುವ ಪ್ರಾರ್ಥನೆಯ ವಿಷಯ. ಇದೇನು ಅಷ್ಟು ದೊಡ್ಡ ವಿಷಯವೆ ಎಂದು ಕೆಲವರಿಗೆ ತೋರಬಹುದು. ಎಡೆಗೆ ಅನ್ನವನ್ನು ಬಡಿಸಿದ ಬಳಿಕ ಮೊದಲ ತುತ್ತು ಬಾಯಿಗೆ ಹೋಗುವುದಕ್ಕೆ ಮುಂಚೆ ಇರುವ ಅವಧಿಯಾದರೂ ಎಷ್ಟು? ಹತ್ತು ಸಲ ಉಸಿರಾಡುವಷ್ಟು. ಆದರೆ ನಾವು ಮಾಡಿದ್ದು ದಾಸೋಹವೋ, ಇಲ್ಲವೆ ಬರಿಯ ಸಂತರ್ಪಣೆಯೋ ಎಂಬುದು ಆ ಅಲ್ಪಾವಧಿಯಲ್ಲಿಯೇ ನಿರ್ಣಯವಾಗಿಬಿಡುತ್ತದೆ ಎಂಬುದು ನನ್ನ ಭಾವನೆ. ಅದನ್ನು ತಮ್ಮೆದುರು ನಿವೇದಿಸುವುದಕ್ಕೆಂದೇ ನಿಂತಿದ್ದೇನೆ.

ಮೊದಲು ದಾಸೋಹವೆಂಬ ಶಬ್ದವನ್ನೇ ನೋಡೋಣ. 'ದಾಸಃ ಅಹಂ' ಎಂಬೆರಡು ಪದಗಳು ಕೂಡಿ 'ದಾಸೋಽಹಂ' ಎಂದಾಗಿ, ಅದೇ ನಮ್ಮ ಕನ್ನಡದಲ್ಲಿ ದಾಸೋಹವೆಂದು ನಿಂತಿದೆ. 'ನಾನು ದಾಸನು' ಎಂಬುದು ಇದರ ಅರ್ಥವೆಂಬುದು ತಮಗೆಲ್ಲರಿಗೂ ವಿದಿತವಾದುದೇ. ಇದರಲ್ಲಿ ಅನ್ನವೆಂಬ ಶಬ್ದವಿಲ್ಲ. ದಾನವೆಂಬ ಶಬ್ದವೂ ಇಲ್ಲ. ಲೋಕದಲ್ಲಿ ಬೇರೆಲ್ಲ ಕಡೆಯೂ ಉಣಿಸುವ ಕಾರ್ಯಕ್ಕೆ ಕೊಡುವ ವಸ್ತುವಿನಿಂದಲೋ, ಕೊಡುವ ಕ್ರಿಯೆಯಿಂದಲೋ ಹೆಸರು ಬಂದಿರುತ್ತದೆ: ಅನ್ನದಾನ, ಅನ್ನಸತ್ರ, ಸಂತರ್ಪಣೆ ಎಂಬಿವೇ ಮೊದಲಾದವು. ನಮ್ಮ ಶರಣರು ಮಾತ್ರ ಅದಕ್ಕೆ ಕೊಡುವವನ ಬಾಯಿಂದ ಹೊರಡತಕ್ಕ ಒಂದು ವಾಕ್ಯವನ್ನೇ ಹೆಸರಾಗಿ ಇಟ್ಟರು. ಈಗ ವಿಚಾರಮಾಡಿರಿ. ದಾಸನು ನಾನು ಎಂದು ಹೇಳಬೇಕಾದವನು ಯಾರು? ಉಣ್ಣುವವನಲ್ಲ, ಉಣಿಸುವವನು. ಹಾಗಿರಲಾಗಿ, ದಾಸೋಹದ ಪಂಕ್ತಿಯಲ್ಲಿ ಪ್ರಾರ್ಥನೆಯು ಮೊಟ್ಟಮೊದಲು ಉಣಿಸುವವನಿಗೆ ಸೇರಿದ್ದು, ಅನಂತರ ಉಣ್ಣುವವನಿಗೆ. ನಾವು ಇಂದು ನಡೆಸುತ್ತಿರುವ ಪದ್ಧತಿಯಲ್ಲಿ ಈ ಕ್ರಮವು ತಲೆಕೆಳಗಾಗಿದೆ. ಉಣ್ಣುವ ಬಡವನೂ ಬಾಲಕನೂ ಕೈಜೋಡಿಸಿ ಕುಳಿತಿರುತ್ತಾರೆ. ಉಣಿಸುವವನು ಎತ್ತರದ ಆಸನದಲ್ಲಿ ಹಾರ ಹಾಕಿಸಿಕೊಂಡು ಕುಳಿತಿರುತ್ತಾನೆ. ಕೈಗಳು ಜೋಡಿಸಲ್ಪಟ್ಟಿರುವುದು ಯಾರ ಕಡೆಗೆ ಎಂಬುದು ಆ ಬಾಲಕನಿಗೆ ಹೇಗೆ ತಿಳಿಯಬೇಕು?

ಅರ್ಪಿತದ ತತ್ತ್ವವನ್ನು ಸ್ವಲ್ಪದರಲ್ಲಿ ಜ್ಞಾಪಿಸಿಕೊಂಡು ಮುಂದುವರಿಯೋಣ. ಪಾಕಶಾಲೆಯಲ್ಲಿ ಸಿದ್ಧವಾದುದು ಪದಾರ್ಥವಷ್ಟೆ. ಲಿಂಗಕ್ಕೆ ಅರ್ಪಿತವಾದ ಬಳಿಕ ಅದೇ ಪ್ರಸಾದವೆನಿಸಿಕೊಳ್ಳುತ್ತದೆ. ಅನರ್ಪಿತವಾದುದನ್ನು ಶರಣನು ಮುಟ್ಟಲಾರನು. ಈ ಅರ್ಪಣೆಯಾದರೂ ಎಡೆಯನ್ನು ಲಿಂಗಕ್ಕೆ ಒಮ್ಮೆ ತೋರಿಸಿಬಿಟ್ಟರೆ ಮುಗಿಯುವಂಥದಲ್ಲ. ಪದಾರ್ಥದ ರೂಪವನ್ನು ಇಷ್ಟಲಿಂಗಕ್ಕೂ, ರುಚಿಯನ್ನು ಪ್ರಾಣಲಿಂಗಕ್ಕೂ, ತೃಪ್ತಿಯನ್ನು ಭಾವಲಿಂಗಕ್ಕೂ ಅರ್ಪಿಸಬೇಕೆಂಬುದು ಷಟ್‌ಸ್ಥಲಜ್ಞಾನಿ ಚೆನ್ನಬಸವಣ್ಣನವರೇ ಮೊದಲಾದ ಶರಣರು ತೋರಿದ ಮಾರ್ಗ. ರೂಪಾರ್ಪಣೆಯು ತುತ್ತಿಗೆ ಮುಂಚೆ ಆಗುವಂಥದು. ರುಚಿಯ ಅರ್ಪಣೆಯು ತುತ್ತು ನಾಲಗೆಯ ಮೇಲಿರುವಾಗ. ತೃಪ್ತಿಯ ಅರ್ಪಣೆಯು ಹೊಟ್ಟೆ ತುಂಬಿದಾಗ. ಆದಕಾರಣ ನಾವು ಊಟಕ್ಕೆ ಮುಂಚಿನ ಪ್ರಾರ್ಥನೆ ಎನ್ನುವುದು ವಾಸ್ತವವಾಗಿ ಇಡೀ ಊಟದ ಉದ್ದಕ್ಕೂ ಹಬ್ಬಿರುವ ಒಂದು ಕ್ರಿಯೆಯ ಆರಂಭ ಮಾತ್ರ. ಮಂತ್ರವನ್ನು ಗಟ್ಟಿಯಾಗಿ ಹೇಳಿ, ಬಳಿಕ ಪಕ್ಕದವನೊಡನೆ ಜಗಳವಾಡುತ್ತ ಉಂಡವನು ಆರಂಭವನ್ನು ಮಾಡಿ ಕೆಲಸವನ್ನು ಬಿಟ್ಟವನಂತೆ.

ಇಲ್ಲಿ ಒಂದು ಸೂಕ್ಷ್ಮವುಂಟು. ಹಸಿದವನಿಗೆ ತೃಪ್ತಿಯಾಗದೆ ಭಾವಲಿಂಗಕ್ಕೆ ಅರ್ಪಿಸುವುದಕ್ಕೆ ಏನೂ ಇರುವುದಿಲ್ಲ. ಅರೆಹೊಟ್ಟೆಯಲ್ಲಿ ಎಬ್ಬಿಸಿದ ಪಂಕ್ತಿಯಲ್ಲಿ ಎಷ್ಟು ಮಂತ್ರಘೋಷವಾಗಿದ್ದರೂ ಮೂರನೆಯ ಅರ್ಪಣೆ ನಡೆದಿರುವುದಿಲ್ಲ. ಬಡಿಸುವವರು ಎರಡನೆಯ ಸಲ, ಮೂರನೆಯ ಸಲ ಬಂದು 'ಇನ್ನಷ್ಟು ನೀಡಲೆ?' ಎಂದು ಕೇಳುವುದೂ ಪ್ರಾರ್ಥನೆಯ ಅಂಗವೇ ಎಂದು ನಾನು ಹೇಳಿದರೆ ಪಂಡಿತರು ಮನ್ನಿಸಬೇಕು.

ಕ್ರೈಸ್ತ ಬಾಂಧವರು ಊಟಕ್ಕೆ ಮುಂಚೆ ಹೇಳುವ ಪ್ರಾರ್ಥನೆಯನ್ನು ಇಂಗ್ಲಿಷಿನಲ್ಲಿ 'ಗ್ರೇಸ್' ಎನ್ನುತ್ತಾರೆ. ಅದು ಲ್ಯಾಟಿನ್ ಭಾಷೆಯ ಒಂದು ಶಬ್ದದಿಂದ ಬಂದುದು. ಆ ಮೂಲಶಬ್ದಕ್ಕೆ ಕೃಪೆಯೆಂಬ ಅರ್ಥವೂ ಉಂಟು, ಕೃತಜ್ಞತೆಯೆಂಬ ಅರ್ಥವೂ ಉಂಟು. ಕೊಡುವವನ ಭಾವವೂ ಪಡೆಯುವವನ ಭಾವವೂ ಒಂದೇ ಶಬ್ದದಲ್ಲಿ ಅಡಗಿವೆ. ನಮ್ಮ 'ಪ್ರಸಾದ' ಶಬ್ದವೂ ಹೀಗೆಯೇ ಬಹ್ವರ್ಥಗರ್ಭಿತವಾದುದು. ಕೃಪೆಯೂ ಪ್ರಸಾದ, ಎಡೆಯಲ್ಲಿರುವುದೂ ಪ್ರಸಾದ. ಸಿದ್ಧಾಂತಶಿಖಾಮಣಿಯ ಪ್ರಸಾದಿಸ್ಥಲದಲ್ಲಿ ಶಿವಯೋಗಿ ಶಿವಾಚಾರ್ಯರು ಮನಸ್ಸಿನ ನೈರ್ಮಲ್ಯವನ್ನೇ ಪ್ರಸಾದದ ಲಕ್ಷಣವೆಂದಿದ್ದಾರೆ. ಕದಡಿದ ನೀರು ತಿಳಿಯಾದರೆ ಅದನ್ನು ಪ್ರಸನ್ನವಾಯಿತೆನ್ನುತ್ತೇವಲ್ಲವೆ? ಅಂತೆಯೇ ಇದು. ಉಣ್ಣುವವನ ಮನಸ್ಸೂ ಉಣಿಸುವವನ ಮನಸ್ಸೂ ತಿಳಿಯಾಗದ ಹೊರತು ಎಡೆಯಲ್ಲಿರುವುದು ಹುಗ್ಗಿಯಾಗಿಯೇ ಉಳಿಯುತ್ತದೆ.

ಅದೇ ಗ್ರಂಥದ ಭಕ್ತಸ್ಥಲದಲ್ಲಿ ಬರುವ ದಾನತ್ರಯದ ವಿಚಾರವು ನಮ್ಮ ಪ್ರಸ್ತುತ ವಿಷಯಕ್ಕೆ ದೀಪದಂತಿದೆ. ಭಕ್ತಸ್ಥಲದ ಹದಿನೈದು ಅವಾಂತರ ಸ್ಥಲಗಳಲ್ಲಿ ಕೊನೆಯ ಮೂರು ಸೋಪಾಧಿದಾನ, ನಿರುಪಾಧಿದಾನ, ಸಹಜದಾನ ಎಂಬುವು. ಫಲವನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಟ್ಟದ್ದು ಸೋಪಾಧಿ. ಮುಮುಕ್ಷುಗಳು ಅದನ್ನು ಆದರಿಸುವುದಿಲ್ಲ. ಫಲಾಪೇಕ್ಷೆಯನ್ನು ಬಿಟ್ಟು ಈಶ್ವರಾರ್ಪಣಬುದ್ಧಿಯಿಂದ ಕೊಟ್ಟದ್ದು ನಿರುಪಾಧಿ. ಕೊಡುವವನೂ ಕೊಳ್ಳುವವನೂ ಕೊಡಲ್ಪಡುವ ವಸ್ತುವೂ ಈ ಮೂರೂ ಶಿವನೇ ಎಂಬ ಭಾವನೆಯಿಂದ ನಡೆಯುವುದು ಸಹಜದಾನ; ಇದೇ ಮೂರರಲ್ಲಿ ಉತ್ತಮವಾದುದು. ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಈ ಭಾಗವನ್ನು ಕಂಠಪಾಠ ಮಾಡುವಾಗ ಇದು ಯೋಗಿಗಳಿಗೆ ಮಾತ್ರ ಸಾಧ್ಯವಾದ ಸ್ಥಿತಿಯೆಂದು ನಮಗೆ ತೋರುತ್ತಿತ್ತು. ಆದರೆ ದಾಸೋಹ ಪಂಕ್ತಿಯನ್ನು ಗಮನವಿಟ್ಟು ನೋಡಿರಿ. ಎಲ್ಲರೂ ಒಂದೇ ನೆಲದ ಮೇಲೆ ಕುಳಿತು, ಒಂದೇ ಕೊಪ್ಪರಿಗೆಯ ಅನ್ನವನ್ನು ಮುಂದಿಟ್ಟುಕೊಂಡು, ಒಂದೇ ಷಡಕ್ಷರಿಯನ್ನು ಒಂದೇ ದನಿಯಲ್ಲಿ ಉಚ್ಚರಿಸುವ ಆ ಕ್ಷಣದಲ್ಲಿ, ಕೊಟ್ಟವನಾರು, ಕೊಂಡವನಾರು ಎಂಬುದು ಹೊರಗಿನವನಿಗೆ ಗೊತ್ತಾಗಲಾರದು. ಸಾಮಾನ್ಯ ಸಂಸಾರಿಗೆ ಸಹಜದಾನದ ರುಚಿಯನ್ನು ತೋರಿಸುವುದಕ್ಕೆ ನಮ್ಮ ಹಿರಿಯರು ಕಲ್ಪಿಸಿದ ಸುಲಭೋಪಾಯವೇ ಈ ಪಂಕ್ತಿಪ್ರಾರ್ಥನೆ.

ಆ ಕ್ಷಣದಲ್ಲಿಯೇ ಧ್ವನಿವರ್ಧಕದಿಂದ ಒಂದು ದನಿ ಹೊರಡುತ್ತದೆ: 'ಇಂದಿನ ಪ್ರಸಾದ ಸೇವೆಯು ಇಂಥ ಊರಿನ ಇಂಥವರಿಂದ, ಅವರಿಗೆ ಸದ್ಗುರುವು ಆಯುರಾರೋಗ್ಯ ಐಶ್ವರ್ಯಗಳನ್ನು ದಯಪಾಲಿಸಲಿ.' ಸಹಜದಾನದ ಹೊಸ್ತಿಲಿಗೆ ಬಂದು ನಿಂತಿದ್ದ ಪಂಕ್ತಿಯು ಒಮ್ಮೆಲೆ ಸೋಪಾಧಿದಾನಕ್ಕೆ ಇಳಿದುಬಿಡುತ್ತದೆ. ಪ್ರಾರ್ಥನೆಯಲ್ಲಿ ಫಲವನ್ನೂ ಹೇಳಿಯಾಯಿತು, ಫಲವನ್ನು ಪಡೆಯುವವನ ವಿಳಾಸವನ್ನೂ ಹೇಳಿಯಾಯಿತು!

ನಾನು ಉಚಿತ ಪ್ರಸಾದನಿಲಯದ ಅನ್ನದಲ್ಲಿ ಬೆಳೆದವನು. ನಮ್ಮ ವಿದ್ಯಾರ್ಥಿದೆಸೆಯಲ್ಲಿ ಒಂದು ಊರಿನ ನಿಲಯದಲ್ಲಿ ದಾನಿಗಳು ಬಂದ ದಿನ ಸಿಹಿಯಡಿಗೆ ಆಗುತ್ತಿತ್ತು. ಎಡೆಗೆ ಬಡಿಸಿದ ಬಳಿಕ ದಾನಿಗಳ ಪರಿಚಯ, ಅವರ ಮನೆತನದ ಕೀರ್ತಿ, ಅವರ ಭಾಷಣ ಇಷ್ಟೂ ಆಗಬೇಕು, ಅನಂತರ ಪ್ರಾರ್ಥನೆ. ಅಷ್ಟರಲ್ಲಿ ಸಾರಿನ ಮೇಲೆ ಕೆನೆ ಕಟ್ಟುತ್ತಿತ್ತು. ಒಮ್ಮೆ ಹೊಸದಾಗಿ ಸೇರಿದ್ದ ಆರೇಳು ವರ್ಷದ ಮಗುವೊಂದು ತಡೆಯಲಾರದೆ ಒಂದು ತುತ್ತನ್ನು ಬಾಯಿಗೆ ಹಾಕಿಕೊಂಡಿತು. ಮೇಲ್ವಿಚಾರಕರು ಅದನ್ನು ಪಂಕ್ತಿಯಿಂದ ಎಬ್ಬಿಸಿ ನಿಲ್ಲಿಸಿದರು. ಆಗ ನಮ್ಮ ಅಡುಗೆಯ ಅಜ್ಜನವರು ಏನೂ ಮಾತನಾಡದೆ ಬಂದು, ಮಗುವಿನ ಕೈಹಿಡಿದು ಪಾಕಶಾಲೆಗೆ ಕರೆದುಕೊಂಡು ಹೋಗಿ, ಒಲೆಯ ಬಳಿ ಕೂರಿಸಿ ಬಿಸಿಯಾದುದನ್ನು ಬಡಿಸಿದರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಆ ದಿನ ಆ ಸಭೆಯಲ್ಲಿ ಅರ್ಪಿತವೆಂಬುದು ಎಲ್ಲಿಯಾದರೂ ನಡೆದಿದ್ದರೆ ಆ ಒಲೆಯ ಬಳಿಯಲ್ಲಿಯೇ ನಡೆಯಿತೆಂದು ನನಗೆ ಇಂದಿಗೂ ಅನಿಸುತ್ತದೆ.

ಇದಕ್ಕೆ ಪ್ರತಿಯಾಗಿ ಹೇಳುವ ಮಾತುಗಳನ್ನು ನಾನು ಬಲ್ಲೆ. ಲೆಕ್ಕಪತ್ರವನ್ನು ನೋಡಿಕೊಳ್ಳುವ ಹಿರಿಯರು, 'ಶಾಸ್ತ್ರಿಗಳೆ, ನಿಮ್ಮ ಸಹಜದಾನದಿಂದ ಕೊಪ್ಪರಿಗೆ ತುಂಬುವುದಿಲ್ಲ. ಹೆಸರು ಕೂಗದಿದ್ದರೆ ಮುಂದಿನ ವರ್ಷ ಅಕ್ಕಿಯ ಚೀಲ ಬರುವುದಿಲ್ಲ' ಎನ್ನುತ್ತಾರೆ. ಇದು ತಳ್ಳಿಹಾಕತಕ್ಕ ಮಾತಲ್ಲ. ಮಠಕ್ಕೆ ಭಕ್ತರ ಕಾಣಿಕೆಯೇ ಆಧಾರ. ಬಂದುದೆಲ್ಲಕ್ಕೂ ಲೆಕ್ಕವಿರಬೇಕು, ಲೆಕ್ಕದಲ್ಲಿ ಹೆಸರಿರಬೇಕು, ಆ ಲೆಕ್ಕವು ಹತ್ತು ಜನಕ್ಕೆ ಕಾಣುವಂತಿರಬೇಕು. ಮತ್ತೊಂದು ಮಾತು ಇದಕ್ಕಿಂತಲೂ ಬಲವಾದುದು. ಗಂಡನನ್ನು ಕಳೆದುಕೊಂಡ ತಾಯಿಯೊಬ್ಬಳು ಅವನ ಪುಣ್ಯದಿನದಂದು ನೂರು ಜನಕ್ಕೆ ಉಣಿಸುತ್ತಾಳೆ. ಅವನ ಹೆಸರನ್ನು ನೂರು ಜನ ಒಮ್ಮೆ ಕೇಳಲಿ ಎಂಬ ಅವಳ ಬಯಕೆಯನ್ನು ಅಹಂಕಾರವೆಂದು ಕರೆಯುವಷ್ಟು ಕಠಿಣಹೃದಯನು ನಾನಲ್ಲ. ಆ ಹೆಸರು ಕೇಳಿಬರಲಿ. ನಾನು ಬೇಡುವುದು ಇಷ್ಟೆ: ತುತ್ತಿಗೆ ಮುಂಚೆ ಬೇಡ. ಎಲ್ಲರೂ ಉಂಡು, ತೃಪ್ತರಾಗಿ, ಕೈತೊಳೆದು ಮಂಗಳ ಹೇಳುವಾಗ ಆ ಹೆಸರನ್ನು ಸ್ಮರಿಸಲಿ. ಹೊಟ್ಟೆ ತುಂಬಿದವನು ಮನಸ್ಸಾರೆ ಹರಸುತ್ತಾನೆ. ಹಸಿದವನಿಂದ ಹರಕೆಯನ್ನು ಮುಂಗಡವಾಗಿ ಪಡೆಯುವುದು ವ್ಯಾಪಾರದ ರೀತಿ.

ಹೆಸರಿಲ್ಲದೆ ಕೊಪ್ಪರಿಗೆ ತುಂಬುವುದೇ ಇಲ್ಲವೆಂಬುದಂತೂ ಪೂರ್ಣ ಸತ್ಯವಲ್ಲ. ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ಮಹಾದಾಸೋಹವನ್ನು ತಮ್ಮಲ್ಲಿ ಬಹುಜನರು ಕಂಡಿರಬೇಕು. ಸುತ್ತಣ ಹಳ್ಳಿಹಳ್ಳಿಗಳಿಂದ ಜೋಳದ ರೊಟ್ಟಿಗಳು ಲಕ್ಷಗಟ್ಟಲೆಯಾಗಿ ಬರುತ್ತವೆ, ಮಾದಲಿಯು ಬರುತ್ತದೆ, ದವಸವೂ ಕಾಯಿಪಲ್ಯವೂ ಬರುತ್ತವೆ. ಹತ್ತು ರೊಟ್ಟಿ ಬಡಿದ ಮುದುಕಿಯ ರೊಟ್ಟಿಯೂ, ಬಂಡಿ ತುಂಬ ಕಳುಹಿದ ಗೌಡರ ಮನೆಯ ರೊಟ್ಟಿಯೂ ಒಂದೇ ರಾಶಿಯಲ್ಲಿ ಸೇರಿಹೋಗುತ್ತವೆ. ಎಡೆಗೆ ಬಿದ್ದ ರೊಟ್ಟಿ ಯಾರ ಮನೆಯದೆಂದು ಉಣ್ಣುವವನಿಗೆ ತಿಳಿಯುವಂತಿಲ್ಲ. ತನ್ನ ರೊಟ್ಟಿಯನ್ನು ಯಾರು ಉಂಡರೆಂದು ಆ ಮುದುಕಿಗೂ ತಿಳಿಯುವಂತಿಲ್ಲ. ಅವಳೂ ಅದೇ ಪಂಕ್ತಿಯಲ್ಲಿ ಕುಳಿತು ಬೇರೊಬ್ಬರ ಮನೆಯ ರೊಟ್ಟಿಯನ್ನು ಪ್ರಸಾದವೆಂದು ಕಣ್ಣಿಗೊತ್ತಿಕೊಂಡು ಉಣ್ಣುತ್ತಾಳೆ. ದಾತೃ, ಆದಾತೃ, ದೇಯ ಈ ಮೂರೂ ಒಂದಾಗುವುದೆಂದರೇನೆಂಬುದಕ್ಕೆ ಆ ರೊಟ್ಟಿಯ ರಾಶಿಗಿಂತ ಒಳ್ಳೆಯ ವ್ಯಾಖ್ಯಾನವನ್ನು ನಾನು ಬರೆಯಲಾರೆ.

ದೊಡ್ಡ ದಾಸೋಹದ ಪ್ರಸ್ತಾಪ ಬಂದಾಗಲೆಲ್ಲ ನನಗೆ ಮಹಾಭಾರತದ ಆಶ್ವಮೇಧಿಕ ಪರ್ವದಲ್ಲಿಯ ಮುಂಗುಸಿಯ ಕಥೆ ನೆನಪಾಗುತ್ತದೆ. ಧರ್ಮರಾಯನ ಅಶ್ವಮೇಧದಲ್ಲಿ ಅನ್ನದ ಪರ್ವತಗಳೇ ಎದ್ದಿದ್ದುವು. ಎಲ್ಲರೂ ಹೊಗಳುತ್ತಿರುವಾಗ, ಅರ್ಧ ಮೈ ಹೊನ್ನಾಗಿದ್ದ ಮುಂಗುಸಿಯೊಂದು ಬಂದು, ಈ ಯಜ್ಞವು ಕುರುಕ್ಷೇತ್ರದ ಒಬ್ಬ ಬಡವನು ಕೊಟ್ಟ ಹಿಟ್ಟಿಗೆ ಸಮನಲ್ಲವೆಂದಿತು. ಆ ಬಡವನು ಉಂಛವೃತ್ತಿಯವನು, ಎಂದರೆ ಗದ್ದೆಯಲ್ಲಿ ಉದುರಿದ ಕಾಳನ್ನು ಆಯ್ದು ಬದುಕುವವನು. ಬರಗಾಲದಲ್ಲಿ ದೊರೆತ ಸ್ವಲ್ಪ ಹಿಟ್ಟನ್ನು ತಾನೂ, ಹೆಂಡತಿಯೂ, ಮಗನೂ, ಸೊಸೆಯೂ ನಾಲ್ಕು ಪಾಲು ಮಾಡಿಕೊಂಡು, ಜಪಾದಿಗಳನ್ನು ಮುಗಿಸಿ ಇನ್ನೇನು ಉಣ್ಣಬೇಕು ಎನ್ನುವಾಗ ಅತಿಥಿ ಬಂದನು. ನಾಲ್ಕು ಪಾಲುಗಳೂ ಒಂದೊಂದಾಗಿ ಅವನ ಎಡೆಗೆ ಹೋದುವು. ಅಲ್ಲಿ ಚೆಲ್ಲಿದ ಹಿಟ್ಟಿನ ಕಣಗಳಲ್ಲಿ ಹೊರಳಿದ ಮುಂಗುಸಿಗೆ ಅರ್ಧ ಮೈ ಹೊನ್ನಾಯಿತು. ಉಳಿದರ್ಧಕ್ಕಾಗಿ ಅದು ಯಜ್ಞದಿಂದ ಯಜ್ಞಕ್ಕೆ ಅಲೆಯಿತು. ಧರ್ಮರಾಯನ ಯಜ್ಞದಲ್ಲಿಯೂ ಹೊನ್ನಾಗಲಿಲ್ಲ. ಕಥೆಯಲ್ಲಿ ನಾನು ಗಮನಿಸುವುದು ಆ ಬಡವರು ಕೊಟ್ಟ ಹೊತ್ತನ್ನು: ಊಟಕ್ಕೆ ಮುಂಚಿನ ಆ ಅಲ್ಪಾವಧಿಯನ್ನು.

ನಮ್ಮ ಶರಣರಲ್ಲಿಯೂ ಆಯ್ದು ಬದುಕಿದ ದಂಪತಿಗಳುಂಟು. ಆಯ್ದಕ್ಕಿ ಮಾರಯ್ಯನವರು ಕಲ್ಯಾಣದಲ್ಲಿ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ಮಾಡುತ್ತಿದ್ದರು. ಒಂದು ದಿನ ಅಕ್ಕಿ ಎಂದಿಗಿಂತ ಹೆಚ್ಚಾಗಿತ್ತು. ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ತಮಗೆ ಸಲ್ಲತಕ್ಕ ಅಳತೆಯನ್ನು ಉಳಿಸಿಕೊಂಡು, ಮಿಕ್ಕುದನ್ನು ತಂದಲ್ಲಿಯೇ ಚೆಲ್ಲಿ ಬರಬೇಕೆಂದು ಗಂಡನನ್ನು ಹಿಂದಕ್ಕೆ ಕಳುಹಿದರು. ಹೆಚ್ಚು ಅಕ್ಕಿಯಿಂದ ಹೆಚ್ಚು ಜನಕ್ಕೆ ಉಣಿಸಬಹುದಾಗಿತ್ತಲ್ಲ ಎಂದು ನಮ್ಮ ಇಂದಿನ ಲೆಕ್ಕ ಹೇಳುತ್ತದೆ. ಲಕ್ಕಮ್ಮನವರಿಗೆ ಉಂಡವರ ಸಂಖ್ಯೆಯು ದಾಸೋಹದ ಅಳತೆಯಾಗಿರಲಿಲ್ಲ. ಪದಾರ್ಥವು ಎಲ್ಲಿಂದ, ಯಾವ ಭಾವದಿಂದ ಬಂತು ಎಂಬುದನ್ನು ಒಲೆಗೆ ಏರಿಸುವ ಮುಂಚೆಯೇ ಅವರು ವಿಚಾರಿಸಿದರು. ಅರ್ಪಿತವು ಎಡೆಯ ಮುಂದೆ ಆರಂಭವಾಗುವುದಲ್ಲ, ಅಕ್ಕಿಯನ್ನು ಅಳೆಯುವಲ್ಲಿಯೇ ಆರಂಭವಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಪ್ರಮಾಣ ಬೇಕೆ? ಕಾಯಕದಿಂದ ಬಾರದ ಹಣದಲ್ಲಿ ಮಾಡಿದ ಸಾವಿರ ಜನರ ಊಟಕ್ಕೆ ಯಾವ ಮಂತ್ರವನ್ನು ಹೇಳಿದರೂ ಅದು ಪ್ರಸಾದವಾಗುವುದೇ ಎಂಬ ಪ್ರಶ್ನೆಯನ್ನು ಲಕ್ಕಮ್ಮನವರು ನಮ್ಮ ಮುಂದೆ ಬಿಟ್ಟುಹೋಗಿದ್ದಾರೆ. ಮಠಾಧಿಪತಿಗಳೂ ಭಕ್ತರೂ ಏಕಾಂತದಲ್ಲಿ ಕುಳಿತು ಯೋಚಿಸತಕ್ಕ ಪ್ರಶ್ನೆ ಅದು. ಸಭೆಯಲ್ಲಿ ಅದನ್ನು ಬೆಳೆಸುವುದಿಲ್ಲ.

ಇನ್ನು, ಪಂಕ್ತಿಯಲ್ಲಿ ಕುಳಿತವರೆಲ್ಲರೂ ಲಿಂಗಧಾರಿಗಳಲ್ಲವಲ್ಲ, ಅವರು ಏನು ಹೇಳಬೇಕು ಎಂಬ ಪ್ರಶ್ನೆ. ಇದು ಇಂದು ಎಲ್ಲ ಮಠಗಳ ಮುಂದೆಯೂ ಇರುವ ಪ್ರಶ್ನೆ. ಸಿದ್ಧಗಂಗಾ ಕ್ಷೇತ್ರದಲ್ಲಿ 2019ನೆಯ ಇಸವಿಯ ಜನವರಿ 21ರಂದು ಲಿಂಗೈಕ್ಯರಾದ ಡಾ. ಶಿವಕುಮಾರ ಮಹಾಸ್ವಾಮಿಗಳವರು ಅನ್ನ, ಅಕ್ಷರ, ಆಶ್ರಯಗಳೆಂಬ ತ್ರಿವಿಧ ದಾಸೋಹವನ್ನು ಜಾತಿಮತಗಳ ಭೇದವಿಲ್ಲದೆ ಸಾವಿರಾರು ಮಕ್ಕಳಿಗೆ ನಡೆಸಿದರು. ಆ ಮಕ್ಕಳ ಸಾಮೂಹಿಕ ಪ್ರಾರ್ಥನೆಯು ನಾಡಿಗೆಲ್ಲ ಪರಿಚಿತವಾದುದು. ಸುತ್ತೂರು ಶ್ರೀಮಠದ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ವಿದ್ಯಾರ್ಥಿಗಳಿಗೆ ಅನ್ನವಸತಿಗಳನ್ನು ಆರಂಭಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳವರೂ, ಅವರ ತರುವಾಯ 2010ರವರೆಗೆ ಪುಟ್ಟರಾಜ ಗವಾಯಿಗಳವರೂ ಅಂಧ ಬಾಲಕರಿಗೆ ಅನ್ನವನ್ನೂ ಸಂಗೀತವನ್ನೂ ಕೊಟ್ಟರು. ಇಂಥ ಸ್ಥಳಗಳಲ್ಲಿ ಉಂಡು ಬೆಳೆದವರು ಎಲ್ಲ ಜಾತಿಗಳಲ್ಲಿಯೂ ಇದ್ದಾರೆ. ಮುಸಲ್ಮಾನ ಬಾಂಧವರು ದೇವರ ನಾಮವನ್ನು ಸ್ಮರಿಸಿ 'ಬಿಸ್ಮಿಲ್ಲಾ' ಎಂದು ತುತ್ತನ್ನೆತ್ತುತ್ತಾರೆ. ಸಿಖ್ಖರು ತಮ್ಮ ಲಂಗರಿನಲ್ಲಿ ಅರಸನೂ ಆಳೂ ಎಂಬ ಭೇದವಿಲ್ಲದೆ ನೆಲದ ಮೇಲೆ ಸಾಲಾಗಿ ಕುಳಿತು ಉಣ್ಣುತ್ತಾರೆ. ಆ ಸಾಲಿಗೆ ಅವರು 'ಪಂಗತ್' ಎನ್ನುತ್ತಾರೆ. ನಮ್ಮ ಹಳ್ಳಿಗರ ಬಾಯಲ್ಲಿರುವ 'ಪಂಗತಿ'ಯೂ ಅದೇ, ಸಂಸ್ಕೃತದ ಪಂಕ್ತಿಯೇ. ಶಬ್ದವೊಂದೇ, ನೆಲವೊಂದೇ, ಹಸಿವೊಂದೇ.

ಆದಕಾರಣ ನಮ್ಮ ಪಂಕ್ತಿಯಲ್ಲಿ ಕುಳಿತ ಅನ್ಯಮತೀಯನಿಂದ ನಮ್ಮ ಮಂತ್ರವನ್ನು ಬಲವಂತವಾಗಿ ಹೇಳಿಸಕೂಡದು. ಅನ್ನದ ಬೆಲೆಯಾಗಿ ಮಂತ್ರವನ್ನು ಪಡೆದರೆ ಮಂತ್ರಕ್ಕೂ ಅಪಚಾರ, ಅನ್ನಕ್ಕೂ ಅಪಚಾರ. ದೀಕ್ಷೆಯಿಲ್ಲದವನಿಗೆ ಮಂತ್ರವು ಬರಿಯ ಶಬ್ದವೆಂದು ಒಂದು ಕಡೆ ಹೇಳುತ್ತ, ಇನ್ನೊಂದು ಕಡೆ ಅದೇ ಶಬ್ದವನ್ನು ಹಸಿದವನ ಬಾಯಿಂದ ಕೇಳಬಯಸುವುದು ನ್ಯಾಯವಲ್ಲ. ಲಿಂಗಧಾರಿಗಳು ಇಷ್ಟಲಿಂಗಕ್ಕೆ ಅರ್ಪಿಸಲಿ. ಬೇರೆಯವರು ತಮ್ಮ ತಮ್ಮ ದೈವವನ್ನು ನೆನೆಯಲಿ. ಏನನ್ನೂ ನೆನೆಯಲೊಲ್ಲದವನು ಸುಮ್ಮನೆ ಕುಳಿತಿರಲಿ. ಉಣಿಸುವವನು ಮಾತ್ರ ತನ್ನ 'ದಾಸೋಽಹಂ' ಎಂಬುದನ್ನು ತಪ್ಪಿಸಕೂಡದು. ಹಾಗೆ ಸುಮ್ಮನೆ ಕುಳಿತವನು ಯಾರೆಂಬುದು ನಮಗೇನು ಗೊತ್ತು? ಬಸವಣ್ಣನವರ ಮಹಾಮನೆಯಲ್ಲಿ ಪ್ರಸಾದಕುಂಡದ ಬಳಿ ಮರುಳನಂತೆ ಬಿದ್ದುಕೊಂಡಿದ್ದ ಮರುಳಶಂಕರದೇವರನ್ನು ಬಹುಕಾಲ ಯಾರೂ ಗುರುತಿಸಲಿಲ್ಲ. ಪ್ರಭುದೇವರು ಬಂದು ತೋರಿಸಿದ ಬಳಿಕವೇ ಅವರ ನಿಜವು ಪ್ರಕಟವಾಯಿತೆಂದು ಶೂನ್ಯಸಂಪಾದನೆಯು ತಿಳಿಸುತ್ತದೆ. ದಿನವೂ ಸಹಸ್ರಾರು ಜಂಗಮರಿಗೆ ಉಣಿಸುತ್ತಿದ್ದ ಬಸವಣ್ಣನವರ ಕಣ್ಣಿಗೇ ಕಾಣದೆ ಉಳಿದವರು ನಮ್ಮ ಪಂಕ್ತಿಯಲ್ಲಿ ಎಷ್ಟು ಮಂದಿಯೋ!

ಕೆಲವು ವ್ಯಾವಹಾರಿಕ ಸಂಗತಿಗಳನ್ನೂ ಹೇಳಿಬಿಡುತ್ತೇನೆ. ಪಾಕಶಾಲೆಯ ಮಾತೆಂದು ಹಗುರಾಗಿ ಎಣಿಸಬಾರದು. ಪ್ರಾರ್ಥನೆ ಚಿಕ್ಕದಾಗಿರಲಿ. ಅನ್ನದ ಹಬೆಯು ಆರುವ ಮುಂಚೆ ಮುಗಿಯಬೇಕು. ರೂಪದ ಅರ್ಪಣೆಗೆಂದು ರುಚಿಯನ್ನು ಕೆಡಿಸಿದರೆ ಪ್ರಾಣಲಿಂಗಕ್ಕೆ ತಣ್ಣನೆಯದನ್ನು ಕೊಟ್ಟಂತಾಯಿತು. ದೀರ್ಘವಾದ ಸ್ತೋತ್ರಗಳನ್ನು ಹೇಳುವ ಉತ್ಸಾಹವಿದ್ದವರು ಪಂಕ್ತಿ ಕೂರುವ ಮುಂಚೆ, ಎಡೆ ಹಾಕುವಾಗ ಹೇಳಲಿ. ಕೇಳುವುದಕ್ಕೆ ಹಿತವಾಗಿಯೂ ಇರುತ್ತದೆ. ಪಸೆಯಾರಿದ ಬಾಯಿಯ ವೃದ್ಧರೂ, ರೋಗಿಗಳೂ, ಸಣ್ಣ ಮಕ್ಕಳೂ ಪ್ರಾರ್ಥನೆಗೆ ಕಾಯಬೇಕೆಂಬ ನಿರ್ಬಂಧವಿರಕೂಡದು. ಇತ್ತೀಚೆಗೆ ಎಡೆಯ ಮುಂದೆ ಬಂದು ಮೊಬೈಲಿನಲ್ಲಿ ಉಣ್ಣುವವರ ಚಿತ್ರ ತೆಗೆಯುವ ರೂಢಿ ಬೆಳೆದಿದೆ. ಬಡತನದಿಂದ ಕೈಯೊಡ್ಡಿ ಕುಳಿತವನ ಮುಖವನ್ನು ಊರಿಗೆಲ್ಲ ತೋರಿಸುವುದಕ್ಕೆ ಅವನ ಒಪ್ಪಿಗೆಯನ್ನು ಯಾರು ಕೇಳಿದ್ದಾರೆ? ಬಡಿಸುವ ದಾನಿಯ ಚಿತ್ರವು ಬೇಕಾದರೆ ಅವನು ಸಾರಿನ ಬಕೀಟನ್ನು ಹಿಡಿದು ಬಾಗಿರುವಾಗ, ಬೆನ್ನಿನ ಕಡೆಯಿಂದ ತೆಗೆಯಲಿ. ಅದರಲ್ಲಿ ಪಂಚಾಚಾರಗಳಲ್ಲಿ ಒಂದಾದ ಭೃತ್ಯಾಚಾರವು ಸರಿಯಾಗಿ ಕಾಣಿಸುತ್ತದೆ.

ಇನ್ನೊಂದು ಮಾತು. ನಮ್ಮ ಹಿರಿಯರು ಪ್ರಸಾದವನ್ನು ಒಂದು ಅಗುಳೂ ಉಳಿಯದಂತೆ ಉಂಡು, ಹರಿವಾಣವನ್ನು ತೊಳೆದು ಆ ನೀರನ್ನೂ ಕುಡಿಯುತ್ತಿದ್ದರು. ಇದನ್ನು ಕಂಡು ನಗುವ ತರುಣರಿದ್ದಾರೆ. ಮುಂಚಿನ ಪ್ರಾರ್ಥನೆಯು ಬಾಯಿಮಾತಾಗಿರಲಿಲ್ಲ ಎಂಬುದಕ್ಕೆ ಆ ತೊಳೆದ ಹರಿವಾಣವೇ ಸಾಕ್ಷಿ. ಇಂದು ಗಟ್ಟಿಯಾಗಿ ಮಂತ್ರ ಹೇಳಿದ ಪಂಕ್ತಿಯು ಎದ್ದ ಬಳಿಕ ಎಲೆಗಳಲ್ಲಿ ಉಳಿದಿರುವ ಅನ್ನವನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ. ಅದರಲ್ಲಿ ಉಣ್ಣುವವರ ತಪ್ಪು ಅರ್ಧ. ಕೇಳದೆ ಸುರಿಯುವ ಬಡಿಸುವವರ ತಪ್ಪು ಅರ್ಧ. ಬಾಲಕರಿಗೆ ಪ್ರಾರ್ಥನೆಯನ್ನು ಕಲಿಸುವ ಉಪಾಧ್ಯಾಯರು 'ಸಾಕು' ಎಂದು ಹೇಳುವುದನ್ನೂ ಅದರ ಜೊತೆಯಲ್ಲಿಯೇ ಕಲಿಸಬೇಕು.

ಈಗ ಸನ್ನಿಧಾನಂಗಳವರಲ್ಲಿಯೂ ಮಹೋತ್ಸವ ಸಮಿತಿಯ ಹಿರಿಯರಲ್ಲಿಯೂ ನನ್ನ ಬಿನ್ನಹವು ಇಷ್ಟು. ಈ ಮಹೋತ್ಸವದ ಉಳಿದ ದಿನಗಳ ದಾಸೋಹದಲ್ಲಿ, ಎಡೆಗೆ ಬಡಿಸಿದ ಬಳಿಕ ಯಾವ ಹೆಸರನ್ನೂ ಹೇಳದೆ, ಷಡಕ್ಷರಿಯನ್ನು ಮೂರು ಸಲ ಉಚ್ಚರಿಸಿ ಪಂಕ್ತಿಯನ್ನು ಆರಂಭಿಸಲು ಅಪ್ಪಣೆಯಾಗಬೇಕು. ಸೇವೆ ಸಲ್ಲಿಸಿದ ಭಕ್ತರು ಮೊದಲ ಪಂಕ್ತಿಗೆ ಬಡಿಸಿ, ಎರಡನೆಯ ಪಂಕ್ತಿಯಲ್ಲಿ ಎಲ್ಲರ ಸಂಗಡ ನೆಲದ ಮೇಲೆ ಕುಳಿತು ಪ್ರಸಾದವನ್ನು ಸ್ವೀಕರಿಸಬೇಕು. ಅವರ ನಾಮಾವಳಿಯನ್ನು ಮಂಗಳದ ವೇಳೆಯಲ್ಲಿ ಓದಬಹುದು. ಆಮೇಲೆ ದಾಸೋಹಮಂದಿರದ ಹೊರಗೋಡೆಯ ಫಲಕದಲ್ಲಿ ಲೆಕ್ಕದೊಡನೆ ಬರೆಸಬಹುದು. ಇದರಿಂದ ಕಾಣಿಕೆಯು ಕಡಿಮೆಯಾದರೆ ಅದರ ಲೆಕ್ಕವನ್ನೂ ಆ ಫಲಕದಲ್ಲಿಯೇ ಬರೆಯಲಿ. ಮುಂದಿನ ವರ್ಷ ಇದೇ ಗೋಷ್ಠಿಯಲ್ಲಿ ಆ ವಿಷಯವನ್ನು ಮತ್ತೆ ಚರ್ಚಿಸೋಣ.

ಪಾಕಶಾಲೆಯ ಕಡೆಯಿಂದ ಒಗ್ಗರಣೆಯ ವಾಸನೆ ಬರಲು ಮೊದಲಾಗಿ ಅರ್ಧ ಗಳಿಗೆಯಾಯಿತು. ಪಂಕ್ತಿಯನ್ನು ಕಾಯಿಸಬಾರದೆಂದು ಇಷ್ಟು ಹೊತ್ತು ಹೇಳಿದ ನಾನೇ ತಮ್ಮನ್ನು ಕಾಯಿಸುವುದು ಸರಿಯಲ್ಲ.